ದೊಡ್ಡಮ್ಮನ ರೇಲಿಂಗು

ಅಕ್ಟೋಬರ್ ೪

ತಂಗೀ, ಹೇಗಿದ್ದೀಯೇ? ಭಾವನ ಮಂಡಿನೋವು ಇಳಿಯಿತೆ? ಚಿನ್ನುವಿನ ಕೆಮ್ಮು ನಿಂತಿತೆ? ನಿನ್ನ ಆ ಮೂರು ಬಣ್ಣದ ಬೆಕ್ಕು ಈಗಲೂ ಭಾವನ ಕುರ್ಚಿಯ ಮೇಲೇ ಮಲಗುತ್ತದೋ, ಇಲ್ಲ ಭಾವನೇ ಸೋತು ಕುರ್ಚಿ ಬಿಟ್ಟುಕೊಟ್ಟರೋ?

ಇಷ್ಟೆಲ್ಲ ಕೇಳಿದರೂ ಇದು ನಿನಗೆ ಕಳಿಸುವ ಕಾಗದವಲ್ಲ. ನಾನು ಶಾಲೆಯ ಒಳಗೆ ಕೂತದ್ದಕ್ಕಿಂತ ಹೊರಗೆ ನಿಂತದ್ದೇ ಹೆಚ್ಚು. ಅಕ್ಷರ ಕಲಿತದ್ದು ಸಾಮಾನಿನ ಪೆಟ್ಟಿಗೆಗಳ ಮೇಲಿನ ಹೆಸರು ಓದಿ, ಬರೆಯಲು ಕಲಿತದ್ದು ನಿನಗೆ ಕಾಗದ ಬರೆದು. ಹಾಗಾಗಿ ನನ್ನ ಪಾಡಿಗೆ ದಿನಚರಿ ಬರೆದುಕೊಳ್ಳುವಾಗಲೂ ಎಲ್ಲರ ಯೋಗಕ್ಷೇಮ ವಿಚಾರಿಸದೆ ಪೆನ್ನು ಮುಂದಕ್ಕೆ ಹೋಗುವುದಿಲ್ಲ.

ಸುದ್ದಿ ಏನೆಂದರೆ, ನಮ್ಮ ದೊಡ್ಡಮ್ಮನಿಗೆ ಇದೇ ಕೊನೆಯ ಪಯಣ. ಹಡಗಿಗೆ ಹಣೆಯ ಮೇಲೆ ಬೇರೆ ಹೆಸರಿದೆ, ನಾವು ಕೆಲಸದವರು ಕರೆಯುವುದು ದೊಡ್ಡಮ್ಮ ಅಂತಲೇ. ಕ್ಯಾಪ್ಟನ್ ಎಲ್ಲರನ್ನೂ ಊಟದ ಹಾಲಿನಲ್ಲಿ ಕೂರಿಸಿ ಹೇಳಿದರು. ಪ್ರವಾಸಿಗಳನ್ನು ಕೊನೆಯ ಬಂದರಿನಲ್ಲಿ ಇಳಿಸುವುದು, ಅಲ್ಲಿಂದ ಖಾಲಿ ಹಡಗನ್ನು ಒಡೆಯುವವರ ಅಂಗಳಕ್ಕೆ ಒಪ್ಪಿಸುವುದು. ಎಂಜಿನ್ನು ಎಣ್ಣೆ ಕುಡಿಯುವುದು ಜಾಸ್ತಿಯಾಗಿದೆ, ಹೊಗೆ ನೋಡಿದರೆ ಬಂದರುಗಳು ಒಳಗೆ ಬಿಡುತ್ತಿಲ್ಲ, ಹೊಸ ಹಡಗಿನಲ್ಲಿ ಇದರ ನಾಲ್ಕು ಪಟ್ಟು ಜನ ಹಿಡಿಯುತ್ತಾರೆ. ಕಂಪನಿಯವರ ಮಾತು ತಪ್ಪು ಅಂತ ಹೇಳಲಾರೆ. ಆದರೆ ಕ್ಯಾಪ್ಟನ್ ಅದನ್ನು ಹೇಳುವಾಗ ಟೋಪಿಯನ್ನು ತಲೆಯ ಮೇಲಿಡದೆ ಕಂಕುಳಲ್ಲಿ ಇಟ್ಟುಕೊಂಡಿದ್ದರು. ಅದು ನನಗೆ ಹಿಡಿಸಿತು.

ಎಲ್ಲರ ಕೈಗೂ ಒಂದೊಂದು ಚೀಟಿ ಕೊಟ್ಟರು. ಹೊಸ ಹಡಗಿಗೆ ಬರುತ್ತೀರೋ, ಮನೆಗೆ ಹೋಗುತ್ತೀರೋ ಬರೆದು ಕೊಡಿ ಅಂತ. ಹಿಂದಿನ ಕೋಣೆ ಖಾಲಿ ಮಾಡಿಟ್ಟಿದ್ದೇನೆ, ಬಂದುಬಿಡು ಅಂತ ನೀನು ಬರೆದಿದ್ದೀಯ. ನಿನ್ನ ಮನಸ್ಸು ದೊಡ್ಡದು. ಆದರೆ ಅಲುಗಾಡದ ಮಂಚದ ಮೇಲೆ ನನಗೆ ನಿದ್ದೆ ಹತ್ತುವುದಿಲ್ಲವೇ. ಹೊಸ ಹಡಗೇ ಸರಿ. ಚೀಟಿ ಏಪ್ರನ್ನಿನ ಜೇಬಿನಲ್ಲಿದೆ, ನಾಳೆ ಬರೆದು ಕೊಡುತ್ತೇನೆ.

ಒಂದು ಮಾತ್ರ ನಿಶ್ಚಯ ಮಾಡಿದ್ದೇನೆ. ದೊಡ್ಡಮ್ಮ ಹೋಗುವಾಗ ಮದುವೆಮನೆಗೆ ಹೊರಟವಳ ಹಾಗೆ ಹೋಗಬೇಕು. ಓಣಿಗಳ ಉದ್ದಕ್ಕೂ ಇರುವ ಮರದ ರೇಲಿಂಗನ್ನು ಪೂರ್ತಿ ಕೀಸಿ ಹೊಸದು ಮಾಡುತ್ತೇನೆ.

ಅಕ್ಟೋಬರ್ ೬

ಪ್ರವಾಸಿಗಳು ಹತ್ತಿದರು. ಬಹಳ ಮಂದಿ ಹಳಬರೇ. ವರ್ಷಕ್ಕೊಮ್ಮೆ ಬಂದು, ಅದೇ ಕ್ಯಾಬಿನ್ನು, ಅದೇ ಮೇಜು, ಅದೇ ಕಿಟಕಿ ಕೇಳುವವರು. ಊಟದ ಹಾಲಿನ ಮೇಲ್ವಿಚಾರಕಿ ಗಂಟೆಯಮ್ಮ (ಊಟದ ಗಂಟೆ ಬಾರಿಸುವವಳು ಅವಳೇ, ಅದಕ್ಕೆ ಆ ಹೆಸರು) ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ಅವರವರ ಹೊಟ್ಟೆಯ ಸಮಾಚಾರ ಕೇಳುತ್ತಿದ್ದಳು. ಯಾರಿಗೆ ಉಪ್ಪು ಕಡಿಮೆ, ಯಾರಿಗೆ ಟೀ ಎರಡು ಸಲ ಕಾಯಿಸಬೇಕು, ಎಲ್ಲ ತಲೆಯಲ್ಲೇ ಇದೆ. ಅಂಥ ತಲೆ ನೋಡಿದರೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಮಧ್ಯಾಹ್ನ ಹಾಲಿನಲ್ಲಿ ಹೊಸ ಹಡಗಿನ ಸಿನಿಮಾ ತೋರಿಸಿದರು. ಚೆಂದವೇ ಇದೆ, ಸುಳ್ಳು ಹೇಳಬಾರದು. ಒಳಗೇ ಜಾರುಬಂಡೆ, ಒಳಗೇ ಬೀದಿ, ಒಳಗೇ ತೋಟ. ಎಷ್ಟು ಅಗಲವೆಂದರೆ ಅಲೆ ಬಂದರೂ ಅಲುಗಾಡುವುದೇ ಇಲ್ಲವಂತೆ. ಅದಕ್ಕೇ ಓಣಿಗಳಲ್ಲಿ ರೇಲಿಂಗು ಇಟ್ಟಿಲ್ಲ. ಒಬ್ಬ ಮುದುಕರು ಎದ್ದು ಕೇಳಿದರು, "ಅಲ್ಲಾ ಸ್ವಾಮಿ, ಅಲುಗಾಡದೇ ಇದ್ರೆ ಅದು ಹಡಗು ಹೇಗಾಗುತ್ತೆ? ನಮ್ಮ ಮನೆಯಲ್ಲೇ ಕೂತಿರಬಹುದಲ್ಲ?" ಎಲ್ಲರೂ ಚಪ್ಪಾಳೆ ಹೊಡೆದರು. ಆದರೂ ಟಿಕೆಟಿನ ಮೇಜಿನ ಮುಂದೆ ಸಾಲು ಇತ್ತು. ಮನುಷ್ಯರೇ ಹಾಗೆ.

ನೆನಪಿಗಾಗಿ ಕದಿಯುವುದೂ ಶುರುವಾಗಿದೆ! ನಿವೃತ್ತ ಜಡ್ಜರೊಬ್ಬರು ತಮ್ಮ ಕ್ಯಾಬಿನ್ನಿನ ಹಿತ್ತಾಳೆ ನಂಬರು ಕೈಯಲ್ಲಿ ಹಿಡಿದು ನಿಂತಿದ್ದರು.

"ಮೇಸ್ತ್ರಿ, ಇದು ತಾನಾಗೇ ಬಿತ್ತು."

"ಸ್ಕ್ರೂಡ್ರೈವರೂ ತಾನಾಗೇ ಬಂದು ನಿಮ್ಮ ಕೈಗೆ ಬಿತ್ತಾ ಸಾರ್?"

ಅವರ ಹೆಂಡತಿ ನಕ್ಕು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಾನು ನೋಡದವನ ಹಾಗೆ ಬಂದೆ.

ಗತ್ತಿನಮ್ಮನೂ ಬಂದಿದ್ದಾರೆ. ಇವರೊಬ್ಬರು ಇದ್ದಾರೆ ನೋಡು, ಕೆಳಗಿನ ಓಣಿಯ ಕೊನೆಯ ಕ್ಯಾಬಿನ್ನಿನವರು. ಒಬ್ಬರೇ ಬರುತ್ತಾರೆ, ಒಬ್ಬರೇ ಓಡಾಡುತ್ತಾರೆ. ನಾನು ಎಷ್ಟೋ ವರ್ಷದಿಂದ ಎದುರಿಗೆ ನಿಂತು ನಮಸ್ಕಾರ ಅನ್ನುತ್ತೇನೆ, ಅವರು ನನ್ನ ಪಕ್ಕದ ಗೋಡೆಯ ಕಡೆ ತಲೆಯಾಡಿಸಿ ಮುಂದೆ ಹೋಗುತ್ತಾರೆ. ಒಂದು ಕೈ ಸದಾ ರೇಲಿಂಗಿನ ಮೇಲೆ, ಸಾಕಿದ ಕುದುರೆಯ ಬೆನ್ನು ಸವರುವ ಹಾಗೆ. ನಡಿಗೆ ಮಾತ್ರ ನೆಟ್ಟಗೆ. ಅಷ್ಟು ಸೊಕ್ಕು ಯಾಕೋ.

ಅಕ್ಟೋಬರ್ ೯

ಬೆಳಗಿನಿಂದ ಕೀಸುಳಿ ಹಿಡಿದಿದ್ದೇನೆ. ಸೊಂಟ ನನ್ನದಲ್ಲ ಅನ್ನಿಸುತ್ತಿದೆ, ಆದರೆ ಮನಸ್ಸು ತಣ್ಣಗಿದೆ.

ಈ ರೇಲಿಂಗು ಹತ್ತಿರದಿಂದ ನೋಡಿದರೆ ನನ್ನ ತಪ್ಪುಗಳ ಮೆರವಣಿಗೆ. ಊಟದ ಹಾಲಿನ ತಿರುವಿನಲ್ಲಿ ಎರಡು ತುಂಡು ಸರಿಯಾಗಿ ಕೂರದೆ ಉಗುರಿನಷ್ಟು ಎತ್ತರ ತಗ್ಗು. ಮೆಟ್ಟಿಲಿಗೆ ಸ್ವಲ್ಪ ಮುಂಚೆ, ಬಿರುಗಾಳಿಯಲ್ಲಿ ಒಡೆದಾಗ ಆತುರದಲ್ಲಿ ಹಾಕಿದ ತೇಪೆ. ಬಟ್ಟೆ ಒಗೆಯುವ ಕೋಣೆಯ ಎದುರು ಬಿಸಿ ಕೊಳವೆ ತಗಲಿ ಸುಟ್ಟ ಗುಳಿ. ಕೊನೆಯ ಕ್ಯಾಬಿನ್ನಿನ ಮುಂದೆ, ನಾನು ಹೊಸಬನಾಗಿದ್ದಾಗ ಉಳಿ ಜಾರಿ ಆದ ಗಾಯ. ಆ ದಿನ ಹಳೆಯ ಮೇಸ್ತ್ರಿ, "ಮರಕ್ಕೆ ಬಾಯಿದ್ದಿದ್ರೆ ನಿನ್ನ ವಂಶಕ್ಕೆಲ್ಲ ಬೈತಿತ್ತು" ಅಂದಿದ್ದರು. ಒಂದೊಂದನ್ನೂ ಕಿತ್ತು, ತುಂಬಿ, ಕೀಸಿ, ಉಪ್ಪುಕಾಗದ ಹಾಕಿ ತಿಕ್ಕಿದೆ.

ಚೀಟಿ ಇನ್ನೂ ಕೊಟ್ಟಿಲ್ಲ. ಕೈ ತುಂಬ ವಾರ್ನಿಷ್ಷು.

ಅಕ್ಟೋಬರ್ ೧೧

ಮುಗಿಯಿತು! ಕೆಳಗಿನ ಓಣಿ ಈ ತುದಿಯಿಂದ ಆ ತುದಿಯವರೆಗೆ ಕನ್ನಡಿ. ಕ್ಯಾಪ್ಟನ್ ಬೆರಳು ಸವರಿ, "ಮೇಸ್ತ್ರಿ, ಇದನ್ನ ಒಡೆಯೋಕೆ ಅವರಿಗೆ ಮನಸ್ಸು ಬರಬಾರದು" ಅಂದರು.

ಗಂಟೆಯಮ್ಮ ಹೇಳಿದಳು, ಗತ್ತಿನಮ್ಮ ಊಟಕ್ಕೆ ಬರಲಿಲ್ಲವಂತೆ. ಕ್ಯಾಬಿನ್ನಿಗೇ ತಟ್ಟೆ ತರಿಸಿಕೊಂಡರಂತೆ. ನಾವು ಕಣ್ಣಿಗೆ ಕಾಣದಷ್ಟು ಸೊಕ್ಕು ಬೆಳೆಯಿತೋ ಏನೋ.

ಅಕ್ಟೋಬರ್ ೧೨

ತಂಗೀ, ಇವತ್ತು ನಡೆದದ್ದು ಕೇಳು.

ಸಾಮಾನಿನ ಕೋಣೆಗೆ ಇಳಿಯುವ ಹಿಂಬದಿಯ ಮೆಟ್ಟಿಲಿನ ಮೇಲೆ ಗತ್ತಿನಮ್ಮ ಕೂತಿದ್ದರು. ಪ್ರವಾಸಿಗಳು ಬರುವ ಜಾಗವೇ ಅಲ್ಲ ಅದು. ಒಂದು ಕಾಲಿನ ಚಪ್ಪಲಿ ಕೆಳಗೆ ಉರುಳಿತ್ತು. ಅವರು ಅದನ್ನು ಹುಡುಕುತ್ತಿದ್ದರು, ಕೈಯಿಂದ. ಚಪ್ಪಲಿ ಅವರ ಕಣ್ಣೆದುರಿಗೇ ಇತ್ತು.

"ಯಾರು?" ಅಂದರು.

"ನಾನಮ್ಮ, ಬಡಗಿ ಮೇಸ್ತ್ರಿ. ವರ್ಷಾ ವರ್ಷಾ ನಾನು ನಮಸ್ಕಾರ ಅಂತೀನಲ್ಲ, ನೀವು ಗೋಡೆಗೆ ತಲೆ ಆಡಿಸ್ತೀರಲ್ಲ, ಅದೇ ನಾನು."

ಅವರು ಜೋರಾಗಿ ನಕ್ಕರು. "ಗೋಡೆ ಯಾವುದು, ಮೇಸ್ತ್ರಿ ಯಾವುದು ಅಂತ ಗೊತ್ತಾದ್ರೆ ತಾನೆ ಸರಿಯಾಗಿ ತಲೆ ಆಡಿಸೋದು?"

ನಾನು ಅಲ್ಲೇ ಕೂತುಬಿಟ್ಟೆ. ಕೆಲವು ವರ್ಷದಿಂದ ಅವರಿಗೆ ಬೆಳಕು ನೆರಳು ಬಿಟ್ಟರೆ ಬೇರೇನೂ ಕಾಣುವುದಿಲ್ಲವಂತೆ. ಯಾರಿಗೂ ಹೇಳಿಲ್ಲ.

"ಈ ರೇಲಿಂಗು ಬದಲಾಯಿಸಿದ ಮಹಾರಾಯ ಯಾರಪ್ಪ?"

"ಬದಲಾಯಿಸಿಲ್ಲ. ನಾನೇ ಕೀಸಿ ನುಣ್ಣಗೆ ಮಾಡ್ದೆ."

"ನುಣ್ಣಗೆ!" ಅಂದರು. "ನನ್ನ ಊರನ್ನೆಲ್ಲ ಅಳಿಸಿಬಿಟ್ರಲ್ಲ ಮೇಸ್ತ್ರಿ."

ಅವರು ಹೊಲಿಗೆ ಕಲಿಸುವ ಟೀಚರಾಗಿದ್ದವರು. ಹುಡುಗಿಯರ ಹೊಲಿಗೆಯ ಮೇಲೆ ಬೆರಳಾಡಿಸಿ ಎಲ್ಲಿ ತಪ್ಪಿದೆ ಅಂತ ಹೇಳುವುದೇ ಬದುಕಿಡೀ ಮಾಡಿದ ಕೆಲಸ. "ನಿಮ್ಮ ಕೆಲಸದಲ್ಲಿ ತಪ್ಪು ಹುಡುಕೋಕೆ ಕಷ್ಟವೇ ಆಗ್ಲಿಲ್ಲ. ಎತ್ತರ ತಗ್ಗು ಬಂತಾ, ಊಟದ ಹಾಲು. ತೇಪೆ ಬಂತಾ, ಇನ್ನು ಮೆಟ್ಟಿಲು, ಹುಷಾರು. ಸುಟ್ಟ ಗುಳಿ, ಸೋಪಿನ ವಾಸನೆ. ಉಳಿ ಗೀರಿದ್ದು ಸಿಕ್ತಾ, ನನ್ನ ಬಾಗಿಲು. ಇನ್ನೆಲ್ಲೂ ನಾನು ಹೀಗೆ ಒಬ್ಬಳೇ ಕೈಬೀಸಿ ನಡೆಯೋಕಾಗಲ್ಲ. ಅದಕ್ಕೇ ವರ್ಷಾ ವರ್ಷಾ ಬರೋದು. ಸಮುದ್ರ ನೋಡೋಕೆ ಅಂದ್ಕೊಂಡ್ರಾ?"

ಡಾಕ್ಟರಿಗೆ ಹೇಳೋಣ, ಜೊತೆಗೆ ಒಬ್ಬರನ್ನು ಕೊಡುತ್ತಾರೆ ಅಂದೆ. ಕೈ ಅಡ್ಡ ಮಾಡಿದರು. ಡಾಕ್ಟರಿಗೆ ಹೇಳಿದರೆ ಮಗಳಿಗೆ ಸುದ್ದಿ ಹೋಗುತ್ತದೆ. ಮಗಳಿಗೆ ಗೊತ್ತಿರುವುದು ಕಣ್ಣು ಸ್ವಲ್ಪ ಮಂದ ಅಂತ ಮಾತ್ರ.

"ಅವಳು ಕೆಟ್ಟವಳಲ್ಲ ಮೇಸ್ತ್ರಿ. ತುಂಬ ಒಳ್ಳೆಯವಳು, ಅದೇ ತೊಂದರೆ. ಈಗಲೇ ಮೊಣಕೈ ಹಿಡ್ಕೊಂಡು ಬಚ್ಚಲ ಬಾಗಿಲ ತನಕ ಬರ್ತಾಳೆ. ಬಂದರಿಗೆ ಅವಳೇ ಬರ್ತಾಳೆ ಕರ್ಕೊಂಡು ಹೋಗೋಕೆ. ನಾನು ಯಾರದೋ ತೋಳು ಹಿಡ್ಕೊಂಡು ಇಳಿದ್ರೆ ನನ್ನ ಮನೆ ಬೀಗದ ಕೈ ಅಲ್ಲೇ ಇಸ್ಕೊಳ್ತಾಳೆ. ಆಮೇಲೆ ನಾನು ಅವಳ ಮನೇಲಿ ಹೂವಿನ ಕುಂಡ. ನೀರು ಹಾಕ್ತಾಳೆ, ಬಿಸಿಲಿಗೆ ಇಡ್ತಾಳೆ, ಒಳಗೆ ತರ್ತಾಳೆ."

ಚಪ್ಪಲಿ ಎತ್ತಿಕೊಟ್ಟೆ. ಕ್ಯಾಬಿನ್ನಿನವರೆಗೆ ಬಿಡಲು ಕೈ ಚಾಚಿದೆ. ಹಿಡಿಯಲಿಲ್ಲ. "ಮುಂದೆ ನಡೀರಿ, ನಿಮ್ಮ ಬೂಟಿನ ಸದ್ದು ಸಾಕು" ಅಂದರು.

ಇವರನ್ನು ನಾನು ಸೊಕ್ಕಿನವರು ಅಂದುಕೊಂಡಿದ್ದೆನಲ್ಲ. ಕತ್ತಲೆಯಲ್ಲಿ ಅಷ್ಟು ನೆಟ್ಟಗೆ ನಡೆಯುವ ಧೈರ್ಯ ನನಗಿದೆಯೇ?

ಅಕ್ಟೋಬರ್ ೧೩

ಬೆಳಗ್ಗೆಯೇ ಟೀಚರಮ್ಮನ ಬಾಗಿಲು ತಟ್ಟಿದೆ. ಒಂದು ಉಪಾಯ ಮಾಡಿಕೊಂಡು ಹೋಗಿದ್ದೆ. ರೇಲಿಂಗಿನ ಕೆಳಗಡೆ ಸಣ್ಣ ಕಚ್ಚು ಹಾಕುತ್ತೇನೆ, ಒಂದು ಕಚ್ಚು ಅಂದರೆ ತಿರುವು, ಎರಡು ಅಂದರೆ ಮೆಟ್ಟಿಲು, ಮೇಲಿನ ಹೊಳಪೂ ಉಳಿಯುತ್ತದೆ ಅಂತ.

ಅವರು ತಲೆಯಾಡಿಸಿದರು, ಈ ಸಲ ಸರಿಯಾಗಿ ನನ್ನ ಕಡೆಗೇ. "ಈ ವಯಸ್ಸಿಗೆ ಹೊಸ ಭಾಷೆ ಬೇಡಪ್ಪ. ನಿಮ್ಮ ಹಳೇ ತಪ್ಪುಗಳನ್ನೇ ವಾಪಸ್ ಕೊಡಿ."

ಸರಿ, ಹೊರಟೆವು. ಅವರು ಮುಂದೆ, ನಾನು ಉಳಿ ಹಿಡಿದು ಹಿಂದೆ. "ಇಲ್ಲಿ... ಇಲ್ಲ, ಒಂದು ಗೇಣು ಈಚೆ. ಇನ್ನೂ ಒರಟಾಗಿತ್ತು. ಇಷ್ಟು ನಾಜೂಕಾಗಿ ನೀವು ಯಾವತ್ತು ಮಾಡಿದ್ರಿ?" ಬೇಕೆಂದು ಕೆಟ್ಟ ಕೆಲಸ ಮಾಡುವುದು ಎಷ್ಟು ಕಷ್ಟ ಅಂತ ನನಗೆ ಇವತ್ತು ಗೊತ್ತಾಯಿತು. ಕೈ ತಾನಾಗಿಯೇ ತಿದ್ದಲು ಹೋಗುತ್ತದೆ. ಅವರು ಬೆರಳಿಟ್ಟು ನೋಡಿ "ತುಂಬ ಚೆನ್ನಾಗಿದೆ, ಕೆಡಿಸಿ" ಅನ್ನುತ್ತಾರೆ.

ಕ್ಯಾಪ್ಟನ್ ಎದುರಾದರು. ಕನ್ನಡಿಯಂಥ ರೇಲಿಂಗಿನಲ್ಲಿ ಹಸಿ ಗಾಯ ನೋಡಿ ನಿಂತುಬಿಟ್ಟರು. "ಏನ್ ಮೇಸ್ತ್ರಿ ಇದು?"

"ಸರಿ ಮಾಡ್ತಾ ಇದ್ದೀನಿ ಸಾರ್."

ಅವರು ನನ್ನನ್ನೂ ನೋಡಿದರು, ರೇಲಿಂಗಿನ ಮೇಲಿದ್ದ ಆ ಕೈಯನ್ನೂ ನೋಡಿದರು. "ಮಾಡಿ" ಅಂದು ಹೋದರು. ನಾಲ್ಕು ಮಾತು ಕೇಳಬಹುದಿತ್ತು, ಕೇಳಲಿಲ್ಲ. ದೊಡ್ಡ ಮನುಷ್ಯ.

ಅಕ್ಟೋಬರ್ ೧೪

ಸುಟ್ಟ ಗುಳಿಯನ್ನು ಜಾಗ ತಪ್ಪಿ ಮಾಡಿದ್ದೆ. ಟೀಚರಮ್ಮ ನೇರವಾಗಿ ಬಟ್ಟೆ ಒಗೆಯುವ ಕೋಣೆಯೊಳಗೆ ಹೋಗಿಬಿಟ್ಟರು. ಅಲ್ಲಿಯ ಧೋಬಿ, ತೊಳೆದ ಚಾದರ ಕೇಳಲು ಬಂದರು ಅಂದುಕೊಂಡು ರಾಶಿ ಎತ್ತಿ ಕೈಗೆ ಕೊಟ್ಟ. ಅವರೂ ಗಂಭೀರವಾಗಿ ಇಸ್ಕೊಂಡು ಬಂದರು! ಓಣಿಯಲ್ಲಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಗುಳಿ ಸರಿ ಮಾಡಿದೆ. ಅಂದರೆ, ಸರಿಯಾದ ಜಾಗದಲ್ಲಿ ಕೆಡಿಸಿದೆ.

ಸ್ಕ್ರೂಗಳನ್ನು ಕಟ್ಟಿಡಲು ಕಾಗದ ಬೇಕಿತ್ತು. ಜೇಬಿನಲ್ಲಿ ಯಾವುದೋ ಚೀಟಿ ಇತ್ತು, ಅದರಲ್ಲೇ ಕಟ್ಟಿದೆ.

ಅಕ್ಟೋಬರ್ ೧೬

ಟೀಚರಮ್ಮ ಊಟದ ಹಾಲಿಗೆ ಬಂದರು, ಒಬ್ಬರೇ, ನೆಟ್ಟಗೆ. ಗಂಟೆಯಮ್ಮ ಕಣ್ಣಲ್ಲೇ ನನಗೆ ಸನ್ನೆ ಮಾಡಿದಳು. ಅವಳಿಗೆ ಎಲ್ಲವೂ ಮೊದಲಿಂದಲೂ ಗೊತ್ತಿತ್ತಂತೆ! "ಚಮಚ ಯಾವತ್ತೂ ಅದೇ ಜಾಗದಲ್ಲಿ ಇಡ್ತಿದ್ದಿದ್ದು ಯಾರು ಅಂದ್ಕೊಂಡೆ ಮೇಸ್ತ್ರಿ? ಹೇಳಿಕೊಂಡ್ರೆ ಮಾತ್ರ ಕೆಲಸಾನಾ?" ಅಂದಳು. ನಾನು ತಲೆ ಬಗ್ಗಿಸಿ ಸೂಪು ಕುಡಿದೆ.

ಅಕ್ಟೋಬರ್ ೧೯

ನಾಳಿದ್ದು ಕೊನೆಯ ಬಂದರು ಮುಟ್ಟುತ್ತೇವೆ. ಹಡಗಿನೊಳಗಿನ ದಾರಿ ಆಯಿತು, ದಡಕ್ಕೆ ಇಳಿಯುವ ಮೆಟ್ಟಿಲು ಹೇಗೆ? ಹತ್ತಿದ ಬಂದರಿನಲ್ಲಿ ನೇರ ಹಲಗೆ ಇತ್ತು, ಇಲ್ಲಿ ಇಳಿಬಿಡುವುದು ಕಬ್ಬಿಣದ ಮೆಟ್ಟಿಲು, ಉದ್ದಕ್ಕೂ ಒಂದೇ ಸಮ ನುಣುಪು. ನಡುವೆ ಎರಡು ಕಡೆ ತಿರುವು. ನನ್ನ ಉಳಿ ಅಲ್ಲಿ ನಡೆಯುವುದಿಲ್ಲ. ಇದನ್ನೇ ಯೋಚಿಸಿ ಯೋಚಿಸಿ ನನ್ನ ಮುಖ ಸಪ್ಪಗಾಗಿತ್ತು. ಮುಖ ಕಾಣದವರಿಗೂ ಅದು ಗೊತ್ತಾಯಿತು.

"ಸುತಳಿ ಇದೆಯಾ?" ಅಂದರು ಟೀಚರಮ್ಮ. (ಈಗೀಗ ನಾನು ಅವರನ್ನು ಅಕ್ಕ ಅಂತಲೇ ಕರೆಯುವುದು.) "ದಪ್ಪನೆ ಕ್ಯಾನ್ವಾಸ್ ಪಟ್ಟಿ? ದೊಡ್ಡ ಸೂಜಿ?"

ಮೇಲಿನ ಡೆಕ್ಕಿನ ಬಿಸಿಲಿನಲ್ಲಿ ಕೂತು ಪಟ್ಟಿಗಳ ಮೇಲೆ ಕಾಜಾ ಹೊಲಿಗೆ ಹಾಕಿದರು, ಅಂಗಿಯ ಗುಂಡಿ ತೂತಿಗೆ ಹಾಕುತ್ತಾರಲ್ಲ, ಹಾಗೆ. ತಿರುವಿಗೊಂದು ಬಗೆ, ಕೊನೆಯ ಮೆಟ್ಟಿಲಿಗೆ ಒಂದು ಬಗೆ. ಸೂಜಿಗೆ ದಾರ ಪೋಣಿಸಿದ್ದೂ ಅವರೇ. ನಾನು ಪೋಣಿಸಲು ಹೋಗಿ ಮೂರು ಸಲ ತಪ್ಪಿದೆ. "ಕೊಡಿ ಇಲ್ಲಿ, ನಿಮಗೆ ಕಣ್ಣು ಕಾಣಲ್ಲ" ಅಂದರು! ಜಡ್ಜರು ಪಕ್ಕದಲ್ಲಿ ಕೂತು ಪೇಪರು ಓದುವವರ ಹಾಗೆ ನಟಿಸುತ್ತ ನೋಡುತ್ತಿದ್ದರು. ಆಮೇಲೆ ಎದ್ದು ಬಂದು, ಕದ್ದ ಹಿತ್ತಾಳೆ ನಂಬರು ನನ್ನ ಕೈಗಿಟ್ಟು, "ಹೊಲಿದು ಹಾಕಿ, ಬೆರಳಿಗೆ ಚೆನ್ನಾಗಿ ಸಿಗುತ್ತೆ" ಅಂದರು. ಕೊನೆಯ ಮೆಟ್ಟಿಲಿಗೆ ಅದನ್ನೇ ಹೊಲಿದೆವು.

ಅಕ್ಟೋಬರ್ ೨೧

ಬೆಳಗ್ಗೆ ಮೆಟ್ಟಿಲು ಇಳಿಬಿಟ್ಟ ಕೂಡಲೇ ಪಟ್ಟಿಗಳನ್ನು ಕಬ್ಬಿಣಕ್ಕೆ ಸುತ್ತಿ ಬಿಗಿದೆ. ದಡದ ತುಂಬ ಜನ. ಕೆಳಗೆ ಮಗಳು ನಿಂತಿದ್ದಳು. ನೋಡಿದ ತಕ್ಷಣ ಗೊತ್ತಾಯಿತು, ನಿಲುವು ಹಾಗೆಯೇ ನೆಟ್ಟಗೆ.

ಅಕ್ಕ ಕ್ಯಾಬಿನ್ನಿನಿಂದ ಹೊರಟರು. ಉಳಿಯ ಗಾಯ, ಸುಟ್ಟ ಗುಳಿ, ತೇಪೆ, ಮೆಟ್ಟಿಲು, ಎತ್ತರ ತಗ್ಗು. ಹಾಲಿನ ಬಾಗಿಲಲ್ಲಿ ಗಂಟೆಯಮ್ಮ ಸುಮ್ಮನೆ ನಿಂತಿದ್ದಳು, ನೆರವಿಗೆ ಬಂದವಳಂತೆ ಕಾಣಬಾರದು ಅಂತ ಕೈಯಲ್ಲಿ ಒಂದು ತಟ್ಟೆ ಹಿಡಿದಿದ್ದಳು. ನಾನು ದೂರದಲ್ಲಿ ಸುತ್ತಿಗೆ ಹಿಡಿದು ಏನೋ ಕೆಲಸವಿದ್ದವನ ಹಾಗೆ.

ಮೆಟ್ಟಿಲಿನ ತಲೆಯಲ್ಲಿ ಅಕ್ಕ ಸ್ವಲ್ಪ ನಿಂತರು. ನನ್ನ ಸುತ್ತಿಗೆಯೂ ನಿಂತಿತು. ಆಮೇಲೆ ಇಳಿದರು. ಮೊದಲ ಪಟ್ಟಿ ಸಿಕ್ಕಿತು, ತಿರುಗಿದರು. ಎರಡನೆಯದು. ತಿರುಗಿದರು. ಹಿತ್ತಾಳೆ ನಂಬರು ಬೆರಳಿಗೆ ಸಿಕ್ಕಿದಾಗ ಮುಖದಲ್ಲಿ ನಗು ಬಂತು, ಇಲ್ಲಿಂದಲೇ ಕಂಡಿತು. ನೆಲಕ್ಕೆ ಕಾಲಿಟ್ಟರು.

ಮಗಳು ಓಡಿ ಬಂದು ಮೊಣಕೈ ಹಿಡಿದಳು.

"ಕೈ ಬಿಡೇ," ಅಂದರು ಅಕ್ಕ. "ಬ್ಯಾಗ್ ಹಿಡ್ಕೋ."

ಮಗಳು ಬ್ಯಾಗು ಹಿಡಿದುಕೊಂಡಳು.

ಜಡ್ಜರು ಯಾಕೋ ಚಪ್ಪಾಳೆ ತಟ್ಟಿದರು. ಎಲ್ಲರೂ ಹಡಗಿಗೆ ವಿದಾಯ ಅಂದುಕೊಂಡು ತಟ್ಟಿದರು. ದೊಡ್ಡಮ್ಮ ಉದ್ದವಾಗಿ ಒಮ್ಮೆ ಕೂಗಿದಳು. ಸಲ್ಲಬೇಕಾದ್ದು ಇಬ್ಬರಿಗೂ ಸಂದಿತು ಅನ್ನು.

ಅಕ್ಟೋಬರ್ ೨೬

ದೊಡ್ಡಮ್ಮನನ್ನು ಒಪ್ಪಿಸಿದೆವು. ಕೈಯಲ್ಲಿ ಹಿಡಿಯುವಂಥ ಒಂದೊಂದು ವಸ್ತು ತೆಗೆದುಕೊಂಡು ಹೋಗಿ ಅಂದರು ಕ್ಯಾಪ್ಟನ್. ಗಂಟೆಯಮ್ಮ ಗಂಟೆ ತೆಗೆದುಕೊಂಡಳು. ಹೊಸ ಹಡಗಿಗೆ ಹೋಗುತ್ತಾಳೆ. ಅಲ್ಲಿ ಊಟಕ್ಕೆ ಮೈಕಿನಲ್ಲಿ ಕರೆಯುತ್ತಾರಂತೆ. "ಮೈಕ್ ಕೆಡಲಿ, ಆಗ ಗೊತ್ತಾಗುತ್ತೆ ನಾನು ಯಾರು ಅಂತ" ಅಂದಳು. ಎಂಜಿನ್ನು ನೋಡಿಕೊಳ್ಳುತ್ತಿದ್ದ ಹಿರಿಯಣ್ಣ ಏನೂ ತೆಗೆದುಕೊಳ್ಳಲಿಲ್ಲ. ಆರಿದ ಎಂಜಿನ್ನಿನ ಮೇಲೆ ಅಂಗೈ ಇಟ್ಟು, ಜ್ವರ ಬಿಟ್ಟಿತೇ ಅಂತ ನೋಡುವವರ ಹಾಗೆ ನಿಂತಿದ್ದು ಬಂದ.

ನಾನು ಕೊನೆಯ ಕ್ಯಾಬಿನ್ನಿನ ಮುಂದಿನ ರೇಲಿಂಗು ಬಿಚ್ಚಿಕೊಂಡೆ. ನನಗಿಂತ ಉದ್ದ. ಎಲ್ಲರೂ ನಕ್ಕರು.

ಕ್ಯಾಪ್ಟನ್ ಕೇಳಿದರು, "ಮೇಸ್ತ್ರಿ, ನಿಮ್ಮ ಚೀಟಿ ಬರಲೇ ಇಲ್ಲವಲ್ಲ?"

ಯಾವ ಚೀಟಿ ಅಂತ ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ರೇಲಿಂಗೇ ಇಲ್ಲದ ಹಡಗಿನಲ್ಲಿ ನನಗೇನು ಕೆಲಸ ಸಾರ್, ಮನೆಗೆ ಹೋಗುತ್ತೇನೆ ಅಂದೆ.

ದಡದಿಂದ ತಿರುಗಿ ನೋಡಿದೆ. ದೀಪವಿಲ್ಲ, ಹೊಗೆಯಿಲ್ಲ. ಆದರೂ ತಲೆ ಎತ್ತಿಕೊಂಡೇ ನಿಂತಿದ್ದಳು. ಎಷ್ಟು ಜನರನ್ನು ಹೊತ್ತಳು, ಎಷ್ಟು ಬಿರುಗಾಳಿಗೆ ಬೆನ್ನು ಕೊಟ್ಟಳು, ಒಬ್ಬರನ್ನೂ ಕೆಳಗೆ ಬೀಳಿಸಲಿಲ್ಲ.

ನವೆಂಬರ್ ೧೮

ತಂಗಿಯ ಮನೆ, ಹಿಂದಿನ ಕೋಣೆ. ನಿದ್ದೆ ಚೆನ್ನಾಗಿಯೇ ಬರುತ್ತಿದೆ.

ಅಡುಗೆಮನೆಗೆ ಒಂದು ಶೆಲ್ಫು ಮಾಡಿಕೊಟ್ಟೆ. ತಂಗಿ ನೋಡಿ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಅಣ್ಣಾ, ಇದ್ಯಾಕೆ ಮುಂದೆ ಅಡ್ಡ ಪಟ್ಟಿ?"

"ಅಲೆ ಬಂದ್ರೆ ಡಬ್ಬ ಬೀಳದೇ ಇರ್ಲಿ ಅಂತ."

"ನಮ್ಮ ಅಡುಗೆಮನೆಗೆ ಅಲೆ ಬರುತ್ತಾ?" ಚಿನ್ನು ಬಿದ್ದು ಬಿದ್ದು ನಕ್ಕಳು. ಭಾವ ಕೂಡ ನಕ್ಕರು, ಬೆಕ್ಕಿನ ಪಕ್ಕದ ಸ್ಟೂಲಿನ ಮೇಲೆ ಕೂತು. ಪಟ್ಟಿ ಕಿತ್ತುಬಿಡುತ್ತೇನೆ ಅಂದೆ. ತಂಗಿ ಬೇಡ ಅಂದಳು. ಡಬ್ಬ ತೆಗೆಯುವಾಗ ಬೆರಳಿಗೆ ಸಿಗುತ್ತದೆ, ನೋಡದೆಯೇ ಕೈ ಹೋಗುತ್ತದೆ, ಇರಲಿ ಅಂತ.

ಅಕ್ಕನ ಕಾಗದ ಬಂದಿದೆ. ಅಂಗೈಯಗಲ ಅಕ್ಷರ, ಒಂದು ಸಾಲು ಇನ್ನೊಂದರ ಮೇಲೆ ಹತ್ತಿ ಕೂತಿದೆ. ಓದಲು ಒಂದು ಬೆಳಗು ಹಿಡಿಯಿತು. ದಾರಿಯಲ್ಲೇ ಮಗಳಿಗೆ ಎಲ್ಲ ಹೇಳಿದರಂತೆ. ಮಗಳು ಕಾರು ನಿಲ್ಲಿಸಿ ಅತ್ತಳಂತೆ, ಆಮೇಲೆ ಬೈದಳಂತೆ, ಆಮೇಲೆ "ಆ ಮೆಟ್ಟಿಲು ಹೇಗಮ್ಮಾ ಇಳಿದೆ?" ಅಂತ ಕೇಳಿದಳಂತೆ. ಮನೆಯಲ್ಲೂ ಅಂಥ ರೇಲಿಂಗು ಆದರೆ ಒಬ್ಬಳೇ ಇರು ಅಂತ ಒಪ್ಪಿದ್ದಾಳೆ. ಬೀಗದ ಕೈ ಇನ್ನೂ ಅಕ್ಕನ ಸೊಂಟದಲ್ಲೇ ಇದೆ.

ಉತ್ತರ ಬರೆದೆ. ನಾಳೆ ಅಂಚೆಗೆ. ನನ್ನ ನೆನಪಿಗೆ ಇಲ್ಲೂ ಇಳಿಸಿಕೊಳ್ಳುತ್ತೇನೆ:

ಅಕ್ಕಾ, ಹೇಗಿದ್ದೀರಿ? ಮಗಳು ಹೇಗಿದ್ದಾಳೆ, ಬೈಯುವುದು ನಿಂತಿತೆ? ಗಂಟೆಯಮ್ಮನಿಂದ ಏನಾದರೂ ಸುದ್ದಿ? ಮೈಕು ಕೆಟ್ಟಿತೆ? ಜಡ್ಜರು ಎಲ್ಲಾದರೂ ಸಿಕ್ಕಿದರೆ ಹೇಳಿ, ಅವರ ನಂಬರು ಪಟ್ಟಿಯಿಂದ ಬಿಚ್ಚಿ ತಂದಿದ್ದೇನೆ, ನಿಮ್ಮ ಬಾಗಿಲಿಗೆ ಹಾಕುತ್ತೇನೆ, ಈ ಸಲ ಅದು ತಾನಾಗಿ ಬೀಳುವುದಿಲ್ಲ. ದೊಡ್ಡಮ್ಮನ ರೇಲಿಂಗು ನಿಮ್ಮ ಮಲಗುವ ಕೋಣೆಯ ಬಾಗಿಲಿನಿಂದ ಶುರುವಾಗಲಿ, ಉಳಿಯ ಗಾಯ ನಿಮ್ಮ ಕೈಗೆ ಮೊದಲು ಸಿಗುವ ಹಾಗೆ. ಮಿಕ್ಕದ್ದಕ್ಕೆ ಹೊಸ ಮರ ತೆಗೆದಿಟ್ಟಿದ್ದೇನೆ. ಅದರಲ್ಲಿ ಯಾವ ತಪ್ಪು ಎಲ್ಲಿ ಬೇಕು ಅಂತ ನೀವೇ ಹೇಳಬೇಕು. ಓಣಿ ಎಷ್ಟು ಉದ್ದ, ಮೆಟ್ಟಿಲು ಎಲ್ಲಿ, ಬಚ್ಚಲು ಯಾವ ಕಡೆ, ದಾರದಲ್ಲಿ ಗಂಟು ಹಾಕಿ ಅಳತೆ ಕಳಿಸಿ. ತಂಗಿಯೂ ಬರುತ್ತಾಳಂತೆ ನಿಮ್ಮನ್ನು ನೋಡಲು. ಉಳಿ ಮಸೆದು ಕೂತಿದ್ದೇನೆ. ತಡ ಮಾಡಬೇಡಿ ಅಕ್ಕಾ, ಬೇಗ ಬರೆಯಿರಿ.